ಅಜ್ಜನ ಕಾರೂ ಎಂಟು ಮಿಲಿಮೀಟರಿನ ಬೋಲ್ಟೂ

ಪಾಲಾರಿವಟ್ಟದ ನಮ್ಮ ಮನೆಯ ಷೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುವುದು ಏನೆಂದು ಸಂಘದ ಮಿತ್ರರು ಎಷ್ಟೋ ಸಲ ಕೇಳಿದ್ದಾರೆ. ಅದು ನಮ್ಮಜ್ಜ 1951ರಲ್ಲಿ ಶಿವಮೊಗ್ಗದಲ್ಲಿ ಕೊಂಡ ಮೋರಿಸ್ ಮೈನರ್. 918 ಸಿ.ಸಿ.ಯ ಹಳೆಯ ಸೈಡ್‌ವಾಲ್ವ್ ಎಂಜಿನ್ನಿನದು. ಅದನ್ನು ಮತ್ತೆ ಓಡಿಸಬೇಕೆಂಬುದು ನನ್ನ ಹಟ. ಬಣ್ಣ, ಸೀಟು, ಗಾಜು ಇವಕ್ಕೆಲ್ಲ ಹೇಗೋ ದಾರಿಯಾಯಿತು. ನನ್ನನ್ನು ಸೋಲಿಸಿದ್ದು ಬೋಲ್ಟು.

“ಬೋಲ್ಟೇ? ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಕ್ಕುತ್ತವಲ್ಲ!” ಎಂದು ಮನೆಯಾಕೆ ನಕ್ಕಳು. ನಾನೂ ಹಾಗೆಯೇ ತಿಳಿದಿದ್ದೆ. ಕಾರನ್ನು ಒಂದು ವರ್ಕ್‌ಷಾಪಿಗೆ ಒಪ್ಪಿಸಿದೆ. ಅಲ್ಲಿಯ ಹುಡುಗ 5/16 ಇಂಚಿನ ಬೋಲ್ಟೊಂದನ್ನು ಎಂಜಿನ್ನಿಗೆ ಹಾಕಿದ. ಮೂರು ನಾಲ್ಕು ಸುತ್ತು ಸಲೀಸಾಗಿ ಹೋಯಿತು. ಆಮೇಲೆ ಬಿಗಿಯಾಯಿತು. “ತುಕ್ಕು ಸಾರ್” ಎಂದು ಸ್ಪ್ಯಾನರಿಗೆ ಪೈಪು ಸೇರಿಸಿ ಎಳೆದ. ಟಣ್ ಎಂದಿತು. ತಲೆ ಅವನ ಕೈಯಲ್ಲಿ, ಮೈ ಬ್ಲಾಕಿನೊಳಗೆ! ಆ ಬ್ಲಾಕು ಬಿರುಕು ಬಿಟ್ಟಿದ್ದರೆ ಅಜ್ಜನ ಕಾರು ಗುಜರಿಗೇ ಹೋಗಬೇಕಾಗಿತ್ತು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ತಪ್ಪು ತುಕ್ಕಿನದಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟಿನ ಥ್ರೆಡ್ಡಿಗೆ 55 ಡಿಗ್ರಿಯ ಕೋನವನ್ನು ಗೊತ್ತುಮಾಡಿದ. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ ಒಪ್ಪಿದ ಥ್ರೆಡ್ಡಿನದು 60 ಡಿಗ್ರಿ. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಸುತ್ತು, ಅಷ್ಟೇ ದಪ್ಪದ ಹೊಸದಕ್ಕೆ 13. ಕಣ್ಣಿಗೆ ಎರಡೂ ಒಂದೇ! ನಮ್ಮ ಕಾರಿನ ಎಂಜಿನ್ನಾದರೋ ಈ ಎರಡು ಜಾತಿಗೂ ಸೇರಿದ್ದಲ್ಲ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರಾನ್ಸಿನ ಬಂದೂಕು ಕಂಪನಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. ಯುದ್ಧ ಮುಗಿದ ಮೇಲೆ ಅಲ್ಲಿ ಮೋರಿಸ್ ಕಾರುಗಳಿಗೆ ಎಂಜಿನ್ ತಯಾರಾಗತೊಡಗಿತು. 1923ರಲ್ಲಿ ಮೋರಿಸ್ ಅದನ್ನು ಕೊಂಡೇಬಿಟ್ಟ. ಯಂತ್ರಗಳು ಫ್ರೆಂಚರವು, ಆದುದರಿಂದ ಥ್ರೆಡ್ಡು ಮಿಲಿಮೀಟರಿನದು. ಇಂಗ್ಲಿಷ್ ಮೆಕ್ಯಾನಿಕರ ಕೈಯಲ್ಲಿದ್ದದ್ದು ವಿಟ್‌ವರ್ತ್ ಸ್ಪ್ಯಾನರು, ಆದುದರಿಂದ ತಲೆ ಇಂಚಿನದು! ಈ ಸಂಕರ ಬೋಲ್ಟು ಮೂವತ್ತು ವರ್ಷ ಬಾಳಿ ಅಜ್ಜನ ಕಾರಿನವರೆಗೂ ಬಂದಿತು. 5/16 ಇಂಚೆಂದರೆ 7.94 ಮಿಲಿಮೀಟರು, ನಮ್ಮದು 8. ಅವನ ಬೋಲ್ಟಿಗೆ ಇಂಚಿಗೆ 24 ಸುತ್ತು, ನಮ್ಮದಕ್ಕೆ 25ಕ್ಕೆ ಸ್ವಲ್ಪ ಮೇಲೆ. ನಾಲ್ಕು ಸುತ್ತಿನ ಸ್ನೇಹಕ್ಕೆ ಇದು ಸಾಕು, ಮುಂದಕ್ಕೆ ಸಾಲದು. ಈಗ ಎಲ್ಲೆಡೆ ಸಿಕ್ಕುವ 8 ಮಿಲಿಮೀಟರಿನ ಬೋಲ್ಟೂ ಆಗದು. ಅದರ ಸುತ್ತಿನ ಅಂತರ 1.25 ಮಿಲಿಮೀಟರು, ನಮಗೆ ಬೇಕಾದುದು 1.

ಇದನ್ನು ಹೇಳಿಕೊಟ್ಟವರು ಒಬ್ಬ ಮುದುಕ ಲೇತ್ ಮೇಸ್ತ್ರಿ. “ಸಾರೇ, ಇದ್ ಇಂಚಲ್ಲ” ಎಂದು ಅರೆ ಮಲಯಾಳ ಅರೆ ಕನ್ನಡದಲ್ಲಿ ಹೇಳಿ ಥ್ರೆಡ್ ಗೇಜಿನ ಹಲ್ಲನ್ನು ಬೋಲ್ಟಿಗೆ ಹೊಂದಿಸಿ ಬೆಳಕಿಗೆ ಹಿಡಿದರು. ಸಂದಿನಲ್ಲಿ ಬೆಳಕು ಕಾಣಲಿಲ್ಲ. ಮುರಿದ ತುಂಡಿನ ಮೇಲೆ ನಟ್ಟೊಂದನ್ನು ವೆಲ್ಡ್ ಮಾಡಿ ಮೆಲ್ಲನೆ ತಿರುಗಿಸಿ ತೆಗೆದರು. ಬ್ಲಾಕು ಉಳಿಯಿತು. ಮಡ್‌ಗಾರ್ಡಿನ ಬೋಲ್ಟುಗಳನ್ನು ಅವರೇ ಕಡೆದುಕೊಟ್ಟರು. ಸ್ಟೀರಿಂಗಿನದನ್ನು ಮಾತ್ರ ಎಷ್ಟು ಬೇಡಿದರೂ ಮಾಡಲೊಲ್ಲರು. ಮೆದು ಕಬ್ಬಿಣವನ್ನು ನಂಬಿ ಹೆಂಡತಿಮಕ್ಕಳನ್ನು ಕೂರಿಸಬೇಡಿ ಎಂದರು. ಅವಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಎರಡು ದಿನ ಸುತ್ತಿದೆ.

2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಉಂಟು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಬೇರೆ ಎಂಜಿನ್ ಕೂರಿಸಿಬಿಡಿ ಎಂದು ಸಲಹೆ ಕೊಟ್ಟ ಮಹನೀಯರಿಗೆ ನಾನು ಕಿವಿಗೊಡದಿದ್ದುದು ಇದಕ್ಕೇ.

ಈಗ ಬಿಚ್ಚಿದ ಪ್ರತಿ ಬೋಲ್ಟೂ ಮೊಮ್ಮಗಳು ಚೀಟಿ ಅಂಟಿಸಿದ ಮಾತ್ರೆ ಡಬ್ಬಿಗಳಲ್ಲಿದೆ. ಮೂರು ಡಬ್ಬಿ ಇನ್ನೂ ಖಾಲಿ. ವಾಚಕರಲ್ಲಿ ಯಾರದಾದರೂ ಊರಮನೆಯ ಅಟ್ಟದಲ್ಲಿ ಹಳೆಯ ಮೋರಿಸ್ ಕಾರಿನ ತುಕ್ಕುಹಿಡಿದ ಸಾಮಾನಿದ್ದರೆ ಗುಜರಿಯವನನ್ನು ಕರೆಯುವ ಮೊದಲು ನನಗೊಂದು ಮಾತು ತಿಳಿಸಿರಿ.