ಹಳೆ ಹಂಚಿನ ಮನೆ: ರಜೆಗೊಂದು ಕೆಲಸ, ಸಾಲವಿಲ್ಲದ ಖುಷಿ

ರಜೆಯಲ್ಲಿ ಊರಿಗೆ ಹೋದ ಗಲ್ಫ್ ಉದ್ಯೋಗಿಗೆ ಮೊದಲ ವಾರದಲ್ಲೇ ಕೇಳಿಬರುವ ಮಾತು ಒಂದಿದೆ: "ಇನ್ನೂ ಎಷ್ಟು ವರ್ಷ ಮಾರಾಯ ಈ ಹಂಚಿನ ಮನೆ? ಮುರಿದು ಒಂದು ಟೆರೇಸ್ ಮನೆ ಕಟ್ಟಬಾರದಾ?" ಮಾತು ನಾಟುತ್ತದೆ. ಸಾಲ ಮಾಡಿ ಮನೆ ಕಟ್ಟಿ, ಕಂತು ತೀರಿಸಲಿಕ್ಕಾಗಿಯೇ ಮತ್ತೆ ಹತ್ತು ವರ್ಷ ಇಲ್ಲೇ ಉಳಿದವರು ಕಡಿಮೆಯಿಲ್ಲ. ಹೊಸ ಮನೆಯಲ್ಲಿ ಅವರು ಮಲಗಿದ್ದು ಎಷ್ಟು ರಾತ್ರಿ ಎಂದು ಲೆಕ್ಕ ಹಾಕಿದರೆ ಬೇಸರವೇ ಆಗುತ್ತದೆ.

ಕರಾವಳಿಯ ಹಳೆ ಮನೆಗೆ ಇನ್ನೊಂದು ದಾರಿಯೂ ಇದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುವಂಥದ್ದು. ಇಳಿಜಾರಿನಲ್ಲಿ ಅದಕ್ಕೆ ಸಿಮೆಂಟೂ ಬೇಡ, ಮೊಳೆಯೂ ಬೇಡ. ಒಡೆದದ್ದನ್ನು ಎತ್ತಿ ಇನ್ನೊಂದು ಇಟ್ಟರಾಯಿತು. ಎರಡು ಪಕ್ಕಾಸಿಗೆ ಗೆದ್ದಲು ಹಿಡಿದಿದ್ದರೆ ಎರಡನ್ನೇ ಬದಲಾಯಿಸಬಹುದು. ಅಂದರೆ ಇದು ಬಿಡಿಬಿಡಿಯಾಗಿ ರಿಪೇರಿ ಆಗುವ ಮನೆ. ಸಂಬಳದಲ್ಲಿ ಸ್ವಲ್ಪ ಸ್ವಲ್ಪವೇ ಉಳಿಸಿ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಹೋಗುವವನಿಗೆ ಹೇಳಿ ಮಾಡಿಸಿದಂತಿದೆ.

ಆದರೆ ಕೆಲಸದ ಕ್ರಮ ತಪ್ಪಬಾರದು. ಹೆಚ್ಚಿನವರು ಎಡವುವುದೇ ಇಲ್ಲಿ. ಕಣ್ಣಿಗೆ ಕಾಣುತ್ತದೆಂದು ಮೊದಲು ನೆಲಕ್ಕೆ ಟೈಲ್ಸ್, ಗೋಡೆಗೆ ಪೇಂಟ್ ಮಾಡಿಸುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದಾಗ ಗೋಡೆ ತುಂಬ ಕಲೆ. ಮೊದಲ ಹಣ ಮಾಡಿಗೇ ಹೋಗಬೇಕು. ಹಂಚು ಇಳಿಸಿ, ತೊಳೆದು, ಪಕ್ಕಾಸು-ರೀಪು ನೋಡಿ ಮತ್ತೆ ಹೊದೆಸುವ ಕೆಲಸಕ್ಕೆ ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಸಮಯ. ರಜೆ ಕೇಳುವಾಗಲೇ ಇದು ನೆನಪಿರಲಿ. ಮುರಿದ ಮನೆಗಳ ಹಳೆ ಹಂಚು ತರುವುದಾದರೆ ಅಡಿಯಲ್ಲಿ ಒತ್ತಿರುವ ಕಾರ್ಖಾನೆಯ ಹೆಸರು ನೋಡಬೇಕು. ಬೇರೆ ಬೇರೆ ಕಾರ್ಖಾನೆಯ ಹಂಚು ಸರಿಯಾಗಿ ಕಚ್ಚುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ.

ಆಮೇಲೆ ಗೋಡೆ. ಕೆಂಪುಕಲ್ಲು ನೀರು ಹೀರುತ್ತದೆ, ಬಿಸಿಲಿಗೆ ಆರುತ್ತದೆ. ಹಳೆ ಸುಣ್ಣದ ಗಾರೆ ಹೀಗೆ ಆರಲು ಬಿಡುತ್ತದೆ. ಅದರ ಮೇಲೆ ದಪ್ಪ ಸಿಮೆಂಟ್ ಬಳಿದರೆ ತೇವ ಒಳಗೇ ನಿಂತು, ಕೆಲವು ಮಳೆಗಾಲದಲ್ಲೇ ಹೊಪ್ಪಳೆ ಏಳುತ್ತದೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಈಗ ಸುಲಭಕ್ಕೆ ಸಿಗುವುದಿಲ್ಲ, ಹುಡುಕಿದರೆ ನಷ್ಟವಿಲ್ಲ.

ವೈರಿಂಗ್ ಮಾತ್ರ ಕಂತಿನಲ್ಲಿ ಮಾಡುವ ಕೆಲಸವಲ್ಲ. ಇಡೀ ಮನೆಯದ್ದನ್ನು ಒಮ್ಮೆಲೇ ಬದಲಿಸಿ, ಅರ್ಥಿಂಗ್ ಸರಿಪಡಿಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಬೇಕು. ಬಚ್ಚಲು ಮನೆಯ ವಿಷಯದಲ್ಲಿ ಅಮ್ಮನನ್ನೇ ಕೇಳುವುದು ಒಳ್ಳೆಯದು. ರಾತ್ರಿ ಮಳೆಯಲ್ಲಿ ಅಂಗಳ ದಾಟಿ ಹೋಗುವವರು ಅವರು. ಒಳಗೊಂದು ಶೌಚಾಲಯ, ಜಾರದ ನೆಲ, ಹಿಡಿದುಕೊಳ್ಳಲು ಒಂದು ಸರಳು ಇದ್ದರೆ ಅವರಿಗೆ ಅದೇ ದೊಡ್ಡದು. ಗೇಟು, ಎಲಿವೇಷನ್ ಎಲ್ಲ ಕಾಯಬಹುದು.

ಇದೆಲ್ಲಕ್ಕೂ ಮೊದಲು ಕಾಗದಪತ್ರ. ಮನೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ, ಅಣ್ಣ-ತಮ್ಮ, ಅಕ್ಕ-ತಂಗಿಯರ ಪಾಲು ಇತ್ಯರ್ಥ ಆಗದಿದ್ದರೆ, ದೊಡ್ಡ ಖರ್ಚಿಗೆ ಕೈ ಹಾಕಬಾರದು. ಬೆವರು ಸುರಿಸಿದ ದುಡ್ಡೂ ಹೋಗಿ ಸಂಬಂಧವೂ ಕೆಡುತ್ತದೆ.

ನಿಧಾನದ ಕೆಲಸದಲ್ಲಿ ಸಿಗುವ ಖುಷಿಯೇ ಬೇರೆ. ಮುಗಿದಷ್ಟಕ್ಕೆ ಹಣ ಪೂರ್ತಿ ಕೊಟ್ಟಾಗಿರುತ್ತದೆ, ಯಾರಿಗೂ ಬಾಕಿ ಇಲ್ಲ. ನಾಲ್ಕು ಪದರ ಪೇಂಟ್ ಕೆರೆದಾಗ ಹಳೆ ಬಾಗಿಲಿನಲ್ಲಿ ಹಲಸಿನ ಮರದ ಹಳದಿ ಬಣ್ಣ ಕಾಣಿಸುತ್ತದೆ, ಅಜ್ಜ ಕೂರುತ್ತಿದ್ದ ಜಗಲಿ ಇದ್ದಲ್ಲೇ ಇರುತ್ತದೆ. ರಜೆ ಮುಗಿಸಿ ಇಲ್ಲಿಗೆ ಬಂದ ಮೇಲೆ, ಜೂನ್‌ನ ಒಂದು ರಾತ್ರಿ ಊರಿಂದ ಫೋನು: "ಜೋರು ಮಳೆ ಮಗಾ. ಈ ಸಲ ಚಾವಡಿಯಲ್ಲಿ ಬಕೆಟ್ ಇಡಲಿಲ್ಲ."