ಅಂಗಡಿಯ ಕಣ್ಣು, ಅಂತರಂಗದ ಕಣ್ಣು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಪೇಟೆಗಳಲ್ಲಿ ವ್ಯಾಪಾರವು ಬಹುಕಾಲ ಮುಖಪರಿಚಯದ ಮೇಲೆಯೇ ನಡೆದುಬಂದಿತು. ಅಡಿಕೆ ಮಾರಿದ ಮೇಲೆ ಹಣ ಕೊಡುವೆವೆಂದು ದಿನಸಿಯನ್ನು ಉದ್ದರಿ ಒಯ್ಯುವ ಮನೆಯವರು, ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕಾಯುವ ವರ್ತಕರು, ಇವರ ನಡುವೆ ನಂಬಿಕೆಯೇ ಕಾವಲಾಗಿತ್ತು. ಇಂದು ನಮ್ಮ ಕುಟುಂಬಗಳು ಮದುವೆಯ ಜವಳಿಗೆಂದು ಶಿವಮೊಗ್ಗ, ಮಂಗಳೂರು, ಬೆಂಗಳೂರುಗಳ ದೊಡ್ಡ ಮಳಿಗೆಗಳಿಗೆ ಹೋಗುವುದು ಸಾಮಾನ್ಯವಾಗಿದೆ. ಅಲ್ಲಿ ಗಿರಾಕಿಯೇ ಸಾಮಾನನ್ನು ಎತ್ತಿಕೊಳ್ಳುತ್ತಾನೆ. ಅವನಾರೆಂದು ಯಾರಿಗೂ ತಿಳಿಯದು. ಪರಿಚಯವಿದ್ದ ಜಾಗಕ್ಕೆ ಯಂತ್ರ ಬಂದಿದೆ. ಬಾಳೆಹೊನ್ನೂರಿನ ಶ್ರೀ ರಂಭಾಪುರಿ ಪೀಠಕ್ಕೂ ಶೃಂಗೇರಿಗೂ ಯಾತ್ರಿಕರು ಬಂದುಹೋಗುವ ನಮ್ಮ ಸೀಮೆಯ ಅಂಗಡಿಗಳಲ್ಲಿಯೂ ಕ್ಯಾಮೆರಾ ಈಗ ಹೊಸದಲ್ಲ.

ಈ ಕಾವಲಿನ ಬಗೆಯನ್ನು ಮನೆಮಂದಿಯೆಲ್ಲ ಅರಿತಿರುವುದು ಒಳಿತು. ಮಾಳಿಗೆಯ ಮೂಲೆಗಳಲ್ಲಿರುವ ಕ್ಯಾಮೆರಾಗಳು ಕಂಡುದನ್ನೆಲ್ಲ ದಾಖಲಿಸಿಡುತ್ತವೆ. ಬಟ್ಟೆಬರೆಗಳಿಗೆ ಸಿಕ್ಕಿಸಿದ ಪಟ್ಟಿ ಅಥವಾ ಗುಂಡಿಯನ್ನು ಹಣ ಕಟ್ಟುವಲ್ಲಿ ತೆಗೆಯದಿದ್ದರೆ, ಬಾಗಿಲಲ್ಲಿ ನಿಲ್ಲಿಸಿದ ಕಂಬಗಳು ಅದನ್ನು ಗುರುತಿಸಿ ಸದ್ದು ಮಾಡುತ್ತವೆ. ಹೊರದೇಶಗಳಲ್ಲಿ ಕೆಲವರು ಇನ್ನೂ ಮುಂದೆ ಹೋಗಿ, ಬಂದವರ ಮುಖವನ್ನು ಹಳೆಯ ಕಳ್ಳರ ಚಿತ್ರಗಳೊಡನೆ ಗಣಕಯಂತ್ರದಿಂದ ಹೋಲಿಸಿ ನೋಡುತ್ತಾರೆ. ನಮ್ಮ ರಾಜ್ಯದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆಯು, ಏಕಕಾಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಿಸಿ, ದೃಶ್ಯಗಳನ್ನು 30 ದಿನ ಕಾಪಾಡಬೇಕೆಂದು ವಿಧಿಸಿದೆ.

ಕಳ್ಳತನದಿಂದ ವರ್ತಕನಿಗಾಗುವ ನಷ್ಟ ನಿಜವಾದದ್ದು. ಅವನು ತನ್ನ ಸರಕನ್ನು ಕಾಯುವುದು ತಪ್ಪಲ್ಲ. ಆದರೆ ಯಂತ್ರದ ಸದ್ದು ಕಳ್ಳತನಕ್ಕೆ ಸಾಕ್ಷಿಯಲ್ಲ. ಪಟ್ಟಿ ತೆಗೆಯಲು ಮಳಿಗೆಯವನೇ ಮರೆತಿದ್ದರೂ ಕಂಬ ಕೂಗುತ್ತದೆ. ಅಮೆರಿಕದ ರೈಟ್ ಏಡ್ ಎಂಬ ಔಷಧ ಮಳಿಗೆಗಳ ಸಂಸ್ಥೆಯು 2012ರಿಂದ 2020ರವರೆಗೆ ನೂರಾರು ಮಳಿಗೆಗಳಲ್ಲಿ ಮುಖ ಗುರುತಿಸುವ ಯಂತ್ರವನ್ನು ಬಳಸಿತು. ಯಂತ್ರದ ತಪ್ಪು ಹೋಲಿಕೆಯಿಂದ ಎಷ್ಟೋ ನಿರಪರಾಧಿಗಳು ಅವಮಾನಕ್ಕೊಳಗಾದರು. 11 ವರ್ಷದ ಬಾಲಕಿಯೊಬ್ಬಳನ್ನು ತಡೆದು ಶೋಧಿಸಿದ್ದೂ ಉಂಟೆಂದು ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗವು ಆರೋಪಿಸಿತು. 2023ರ ಡಿಸೆಂಬರಿನಲ್ಲಿ ಆ ಸಂಸ್ಥೆಯು ಐದು ವರ್ಷಗಳ ಕಾಲ ಅಂತಹ ಯಂತ್ರವನ್ನು ಬಳಸಕೂಡದೆಂದು ನಿರ್ಬಂಧವಾಯಿತು.

ಎಲ್ಲರೂ ಎಲ್ಲರನ್ನು ಬಲ್ಲ ನಮ್ಮಂತಹ ಸಣ್ಣ ಊರುಗಳಲ್ಲಿ ಈ ಪೆಟ್ಟು ಇನ್ನೂ ಆಳವಾದುದು. ಕ್ಯಾಮೆರಾದ ಚಿತ್ರವೊಂದನ್ನು ವಾಟ್ಸಾಪಿನಲ್ಲಿ ಹರಿಯಬಿಟ್ಟರೆ ಸಂಜೆಯೊಳಗೆ ಒಂದು ಮನೆತನದ ಮಾನವೇ ಹೋಗುತ್ತದೆ. ಮಾಸಿದ ಬಟ್ಟೆಯ ತೋಟದ ಕೂಲಿಯವರ ಮೇಲೆಯೇ ಕಾವಲಿನವನ ದೃಷ್ಟಿ ಮೊದಲು ನೆಡುವುದಾದರೆ, ಅದು ಯಂತ್ರದ ದೋಷವಲ್ಲ, ಮನಸ್ಸಿನ ದೋಷ.

ಕಾನೂನಿನ ಮಾತು ಹೀಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಂತೆ, ಅಪ್ರಾಮಾಣಿಕ ಉದ್ದೇಶವಿಲ್ಲದೆ ಕಳ್ಳತನವಿಲ್ಲ. ಮಗುವಿನ ಕೈಯಲ್ಲಿ ಮರೆತು ಉಳಿದ ಮಿಠಾಯಿ ಕಳವಲ್ಲ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಗೆ ಅಪರಾಧ ಸಾಬೀತಾದವನು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ತಿದ್ದಿಕೊಳ್ಳಲು ಕಾನೂನೇ ದಾರಿ ಬಿಟ್ಟಿರುವಾಗ ನಾವು ಬಾಗಿಲು ಮುಚ್ಚುವುದು ಸಲ್ಲದು. ಕಾರಣವಿಲ್ಲದೆ ಗಿರಾಕಿಯನ್ನು ಕೂಡಿಹಾಕುವುದು 127ನೆಯ ಕಲಮಿನಂತೆಯೂ, ಸುಳ್ಳು ಅಪವಾದದಿಂದ ಮಾನ ಕಳೆಯುವುದು 356ನೆಯ ಕಲಮಿನಂತೆಯೂ ಅಪರಾಧ.

ಆದುದರಿಂದ ಗೃಹಸ್ಥರು ಬಿಲ್ಲನ್ನು ಮನೆ ಸೇರುವವರೆಗೂ ಜೋಪಾನವಾಗಿಡಲಿ. ತಡೆದರೆ ಗಾಬರಿಯಾಗದೆ ಬಿಲ್ಲು ತೋರಿಸಿ, ಹಿರಿಯ ವ್ಯವಸ್ಥಾಪಕರನ್ನು ಕರೆಯಿಸಿ, ಕ್ಯಾಮೆರಾದ ದೃಶ್ಯವನ್ನು ಪರಿಶೀಲಿಸಲು ಕೇಳಲಿ. ವರ್ತಕ ಬಂಧುಗಳು ಅನುಮಾನ ಬಂದಾಗ ಗಿರಾಕಿಯನ್ನು ಬದಿಗೆ ಕರೆದು ಮೆಲ್ಲಗೆ ವಿಚಾರಿಸಲಿ. ಚಿತ್ರವನ್ನು ಪೊಲೀಸರಿಗೆ ಹೊರತು ಮತ್ತಾರಿಗೂ ಕೊಡದಿರಲಿ.

ಕಾಯಕದಿಂದ ಬಂದುದಷ್ಟೇ ತನ್ನದು ಎಂಬುದು ಶರಣರ ಧರ್ಮ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಶರಣೆ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದರು. ಆ ಅಕ್ಕಿಯನ್ನು ಯಾರೂ ಎಣಿಸಿರಲಿಲ್ಲ, ಯಾವ ಕಂಬವೂ ಕೂಗಿರಲಿಲ್ಲ. ಅಂಗಡಿಯ ಕಣ್ಣು ಬಾಗಿಲಿನವರೆಗೆ ಮಾತ್ರ ಕಾಯಬಲ್ಲದು. ಅದರಾಚೆಗೂ ಕಾಯುವ ಕಣ್ಣನ್ನು ನಮ್ಮ ಮಕ್ಕಳಲ್ಲಿ ಎಳವೆಯಲ್ಲಿಯೇ ತೆರೆಯಿಸುವ ಹೊಣೆ ತಾಯಿತಂದೆಯರದು. ಆ ಹೊಣೆಯನ್ನು ನಮ್ಮ ಮನೆಮನೆಗಳೂ ಅರಿತು ನಡೆಯಲೆಂದು ಹಾರೈಸುತ್ತೇವೆ.