ಕಣ್ಣೊಳಗೆ ಹಾಕುವ ಸ್ಟೀರಾಯ್ಡ್ ಕಡ್ಡಿ: ಹಾಕಿಸಿಕೊಂಡು ಊರಿಗೆ ಹೊರಡುವ ಮುಂಚೆ ಓದಿ

ಪುಣೆಯಲ್ಲಿರುವ ನಮ್ಮ ಕನ್ನಡ ಕುಟುಂಬಗಳಿಗೆ ಈ ಸಲ ಕಣ್ಣಿನ ವಿಷಯ.

ಕಣ್ಣು ಕೆಂಪಾಗಿ, ಬೆಳಕು ನೋಡಲಾಗದಂತೆ ಆದರೆ ಮದ್ರಾಸ್ ಐ ಎಂದುಕೊಂಡು ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತರುತ್ತೇವೆ. ಕೆಲವೊಮ್ಮೆ ಅದು ಯುವಿಯೈಟಿಸ್, ಅಂದರೆ ಕಣ್ಣಿನ ನಡುಪದರದ ಉರಿಯೂತ. ಇದು ಕಣ್ಣಿನ ಹಿಂಭಾಗದಲ್ಲಾದರೆ ಕೆಂಪೂ ಇಲ್ಲ, ನೋವೂ ಇಲ್ಲದಿರಬಹುದು. ಕಪ್ಪು ಚುಕ್ಕೆಗಳು ತೇಲಿದಂತೆ ಕಾಣುತ್ತವೆ, ದೃಷ್ಟಿ ಮಂಜಾಗುತ್ತದೆ.

ರೆಟಿನಾದ ನಟ್ಟನಡುವೆ ಮ್ಯಾಕ್ಯುಲಾ ಎಂಬ ಚಿಕ್ಕ ಜಾಗವಿದೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲ ಅದರ ಕೆಲಸ. ಉರಿಯೂತದಿಂದ ಅಲ್ಲಿ ನೀರು ತುಂಬಿ ಊದಿಕೊಂಡರೆ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದೆ, ಅಕ್ಷರದ ನಡುಭಾಗ ಮಸುಕಾಗುತ್ತದೆ. ಒಸಿಟಿ ಸ್ಕ್ಯಾನ್‌ನಲ್ಲಿ ಈ ಊತ ಸ್ಪಷ್ಟವಾಗಿ ಕಾಣುತ್ತದೆ. ಬಹಳ ದಿನ ಹಾಗೇ ಬಿಟ್ಟರೆ ಹೋದ ದೃಷ್ಟಿ ಪೂರ್ತಿ ಮರಳದಿರಬಹುದು.

ಇದಕ್ಕಿರುವ ಚಿಕಿತ್ಸೆಗಳಲ್ಲಿ ಒಂದು ಓಜುರ್ಡೆಕ್ಸ್ ಎಂಬ ಕಡ್ಡಿ. ಅದರಲ್ಲಿ 0.7 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಇರುತ್ತದೆ. ಉದ್ದ ಸುಮಾರು 6 ಮಿಲಿಮೀಟರ್, ಅಕ್ಕಿಕಾಳಿನಷ್ಟು. ಆದರೆ ಅದಕ್ಕಿಂತ ತುಂಬಾ ತೆಳು. ಕಣ್ಣಿಗೆ ಮರಗಟ್ಟುವ ಔಷಧಿ ಹಾಕಿ, ಬಿಳಿಭಾಗದ ಮೂಲಕ ಸೂಜಿಯಿಂದ ಒಳಗೆ ಬಿಡುತ್ತಾರೆ. ಅದು ನಿಧಾನವಾಗಿ ಕರಗಿ ಹೋಗುತ್ತದೆ, ತೆಗೆಸುವ ಗೋಜಿಲ್ಲ. ಔಷಧಿ ಕಣ್ಣಲ್ಲೇ ಉಳಿಯುವುದರಿಂದ ಸ್ಟೀರಾಯ್ಡ್ ಮಾತ್ರೆಯಂತೆ ಸಕ್ಕರೆ ಏರುವ ಭಯ ಕಡಿಮೆ. ಪರಿಣಾಮ ಸಾಮಾನ್ಯವಾಗಿ 3–4 ತಿಂಗಳು, ಕೆಲವರಿಗೆ 6 ತಿಂಗಳವರೆಗೆ. ಆಮೇಲೆ ಊತ ಮರಳಿದರೆ “ಡಾಕ್ಟರು ಮೋಸ ಮಾಡಿದರು” ಎನ್ನಬೇಡಿ. ಔಷಧಿ ಮುಗಿದಿದೆ, ಅಷ್ಟೇ.

ವರ್ಷಗಟ್ಟಲೆ ಕೆಲಸ ಮಾಡುವ ಫ್ಲೂಸಿನೊಲೋನ್ ಇಂಪ್ಲಾಂಟ್‌ಗಳೂ ಇವೆ. ಆದರೆ ಹೆಚ್ಚು ಕಾಲ ಇದ್ದದ್ದೇ ಹೆಚ್ಚು ಒಳ್ಳೆಯದು ಎಂದಲ್ಲ. ಶಸ್ತ್ರಚಿಕಿತ್ಸೆ ಮಾಡಿ ಕೂರಿಸುವ ಅಂಥದೊಂದು ಇಂಪ್ಲಾಂಟನ್ನು ಮಾತ್ರೆಗಳ ಜೊತೆ ಹೋಲಿಸಿದ ಅಧ್ಯಯನದ 7 ವರ್ಷಗಳ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕೊನೆಗೆ ದೃಷ್ಟಿ ಚೆನ್ನಾಗಿ ಉಳಿದದ್ದು ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ.

ಕಡ್ಡಿ ಹಾಕುವ ಮುಂಚೆ ಡಾಕ್ಟರು ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಬರೆದರೆ “ಕಣ್ಣಿಗೂ ಎದೆಗೂ ಏನು ಸಂಬಂಧ?” ಅನಿಸುವುದು ಸಹಜ. ಸಂಬಂಧವಿದೆ. ನಮ್ಮ ದೇಶದಲ್ಲಿ ಯುವಿಯೈಟಿಸ್‌ಗೆ ಟಿ.ಬಿ. ಒಂದು ಮುಖ್ಯ ಕಾರಣ. ಸೋಂಕು ಇರುವ ಕಣ್ಣಿಗೆ ಬರೀ ಸ್ಟೀರಾಯ್ಡ್ ಹಾಕಿದರೆ ಬೆಂಕಿಗೆ ತುಪ್ಪ ಸುರಿದಂತೆ. ಮನೆಯಲ್ಲಿ ಹಿಂದೆ ಯಾರಿಗಾದರೂ ಟಿ.ಬಿ. ಆಗಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಪೊರೆಯ ಆಪರೇಷನ್ ಆಗಿದ್ದರೆ ಅದನ್ನೂ ಹೇಳಿ. ಲೆನ್ಸಿನ ಹಿಂದಿನ ಪೊರೆ ಹರಿದಿದ್ದರೆ ಕಡ್ಡಿ ಮುಂದಕ್ಕೆ ಜಾರಿ ಕಾರ್ನಿಯಾ ಕೆಡಿಸಬಹುದು.

ಪುಣೆಯಲ್ಲಿ ಸಸೂನ್ ಆಸ್ಪತ್ರೆಯ ಕಣ್ಣಿನ ವಿಭಾಗ, ಶಿವಾಜಿನಗರದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಆಫ್ತಾಲ್ಮಾಲಜಿ, ಮಹಮ್ಮದವಾಡಿಯ ಎಚ್.ವಿ. ದೇಸಾಯಿ ಕಣ್ಣಿನ ಆಸ್ಪತ್ರೆ ಇವೆ. ಕಡ್ಡಿ ದುಬಾರಿ. ಬೆಲೆ ಎಷ್ಟು, ವಿಮೆ ಬರುತ್ತದೆಯೇ ಎಂದು ಮೊದಲೇ ಕೇಳಿ. ಅಪ್ಪ-ಅಮ್ಮನಿಗೆ ಮರಾಠಿ ಬಾರದಿದ್ದರೆ ಜೊತೆಗೆ ಒಬ್ಬರು ಹೋಗಿ.

ಈಗ ಮುಖ್ಯ ಮಾತು. ಚೆನ್ನಾಗಿ ಕಾಣತೊಡಗಿದ ಕೂಡಲೇ ಹಿರಿಯರು ಊರಿನ ಬಸ್ಸು ಹತ್ತುತ್ತಾರೆ. ಆದರೆ ಈ ಔಷಧಿ ಕೆಲವರಲ್ಲಿ ಕಣ್ಣಿನ ಒತ್ತಡ ಏರಿಸುತ್ತದೆ, ಹೆಚ್ಚಾಗಿ ಎರಡು ತಿಂಗಳ ಆಸುಪಾಸಿನಲ್ಲಿ. ನೋವಿಲ್ಲ, ಸೂಚನೆಯಿಲ್ಲ, ಗಮನಿಸದಿದ್ದರೆ ಗ್ಲಾಕೋಮಾ ಆಗಿ ನರ ಕೆಡುತ್ತದೆ. ಹೆಚ್ಚಿನವರಿಗೆ ಡ್ರಾಪ್ಸ್‌ನಿಂದಲೇ ಹತೋಟಿಗೆ ಬರುತ್ತದೆ, ಆದರೆ ಏರಿದ್ದು ಗೊತ್ತಾಗಬೇಕಲ್ಲ! ಪದೇ ಪದೇ ಹಾಕಿಸಿಕೊಂಡರೆ ಕಣ್ಣಿನ ಪೊರೆಯೂ ಬೇಗ ಬರುತ್ತದೆ.

ಒತ್ತಡ ನೋಡಿಸಲು ಪುಣೆಗೇ ಬರಬೇಕೆಂದಿಲ್ಲ. ಕಲಬುರಗಿ, ವಿಜಯಪುರ, ಹುಬ್ಬಳ್ಳಿ, ಉಡುಪಿ, ಎಲ್ಲಿಯ ಕಣ್ಣಿನ ಡಾಕ್ಟರಾದರೂ ಕೆಲವೇ ನಿಮಿಷಗಳಲ್ಲಿ ನೋಡುತ್ತಾರೆ. ಕಡ್ಡಿಯ ಹೆಸರು, ಹಾಕಿದ ತಾರೀಖು, ಯಾವ ಕಣ್ಣು, ಆ ದಿನದ ಒತ್ತಡ ಎಷ್ಟು ಎಂದು ಬರೆಸಿಕೊಂಡು, ಸ್ಕ್ಯಾನ್ ಕಾಗದದ ಜೊತೆ ಚೀಲದಲ್ಲಿಡಿ. ಹಾಕಿಸಿದ ಮೊದಲ ದಿನಗಳಲ್ಲಿ ನೋವು, ಕೆಂಪು ಹೆಚ್ಚುತ್ತ ಹೋದರೆ ಅಥವಾ ದೃಷ್ಟಿ ಇಳಿದರೆ ಒಳಗೆ ಸೋಂಕು ತಗುಲಿರಬಹುದು. ಪ್ರಯಾಣ ರದ್ದು ಮಾಡಿ, ಅಂದೇ ಆಸ್ಪತ್ರೆಗೆ ಹೋಗಿ.